ಬೇರಿಗೆ ಸಲ್ಲತಕ್ಕ ಕಾಲ

ಸಂಸ್ಕೃತದಲ್ಲಿ ಮರಕ್ಕೆ ‘ಪಾದಪ’ವೆಂಬ ಹೆಸರುಂಟು. ಪಾದದಿಂದ ಕುಡಿಯುವಂಥದು ಎಂದು ಅದರ ಅರ್ಥ. ಜಂಗಮಸೇವೆಯ ಹಿರಿಮೆಯನ್ನು ತಿಳಿಸಲು ಹೊರಟ ಬಸವಣ್ಣನವರು ಕೂಡ ಬೇರಿನಲ್ಲಿಯೇ ಮರದ ಬಾಯಿಯನ್ನು ಕಂಡರು. ಇವೆರಡನ್ನೂ ಬಲ್ಲ ಸದ್ಗೃಹಸ್ಥನು, ಬೆಳೆದು ನಿಂತ ಮರವೊಂದನ್ನು ಎಬ್ಬಿಸಿ ಬೇರೆಡೆ ನೆಡಬೇಕಾದ ಪ್ರಸಂಗ ಬಂದಲ್ಲಿ ಹೇಗೆ ನಡೆದುಕೊಳ್ಳತಕ್ಕದ್ದು? ಇದು ತೋಟಗಾರನೊಬ್ಬನ ಪ್ರಶ್ನೆಯಂತೆ ಕಂಡರೂ ಅದರೊಳಗೆ ಧರ್ಮದ ಪ್ರಶ್ನೆಯೊಂದು ಅಡಗಿದೆ.

ಪ್ರಸಂಗವಾದರೋ ಈಗ ಅಪರೂಪದ್ದಲ್ಲ. ಶ್ರೀರಂಗಪಟ್ಟಣವನ್ನು ಹಾದುಹೋಗುವ ಬೆಂಗಳೂರು-ಮೈಸೂರು ಹೆದ್ದಾರಿಯು ಹಿಗ್ಗಿ 2023ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡಿತು. ಅದಕ್ಕಾಗಿ ಎಷ್ಟೋ ಮರಗಳು ಉರುಳಿದವು. ಕೃಷ್ಣರಾಜಪೇಟೆಯ ಬೀದಿಗಳಲ್ಲಿ ಹಳೆಯ ಹೆಂಚಿನ ಮನೆಗಳಿದ್ದಲ್ಲಿ ತಾರಸಿ ಮನೆಗಳು ಏಳುತ್ತಿವೆ. ಅಜ್ಜನು ನೆಟ್ಟ ಹೊಂಗೆಯು ಮೊಮ್ಮಗನ ಪಾಯಕ್ಕೆ ಅಡ್ಡವಾಗುತ್ತದೆ. ಕಡಿಯಲು ಮನಸ್ಸು ಒಪ್ಪದು. ಬಿಡಲು ನಕ್ಷೆ ಒಪ್ಪದು. ಆಗ ಯಾರೋ ಒಬ್ಬರು, “ಅದಕ್ಕೇನಂತೆ, ಜೆಸಿಬಿ ತರಿಸಿ ಎತ್ತಿ ಆಚೆ ನೆಟ್ಟರಾಯಿತು” ಎನ್ನುತ್ತಾರೆ. ಕೇಳಿದವರಿಗೆಲ್ಲ ಸಮಾಧಾನವಾಗುತ್ತದೆ. ಈ ಸಮಾಧಾನವನ್ನೇ ಪರೀಕ್ಷಿಸಬೇಕಾಗಿದೆ.

ಎತ್ತಿ ಆಚೆ ಇಡಬಹುದಾದ ವಸ್ತುಗಳೂ ಉಂಟು. 1911ರಲ್ಲಿ ಕಟ್ಟತೊಡಗಿದ ಅಣೆಕಟ್ಟೆಯಿಂದ ಹಳೆಯ ಕನ್ನಂಬಾಡಿಯು ಮುಳುಗಿತಷ್ಟೆ. ಅದರೊಡನೆ ನೀರು ಸೇರಿದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಈ ಶತಮಾನದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ, ಪಾಂಡವಪುರ ತಾಲ್ಲೂಕಿನ ಹೊಸಕನ್ನಂಬಾಡಿಯ ಬಳಿ ಮರಳಿ ಜೋಡಿಸಿದರು. ದಶಕಗಳ ಕಾಲ ನೀರಿನಲ್ಲಿದ್ದ ಕಂಬವು ದಡಕ್ಕೆ ಬಂದ ಮೇಲೂ ಕಂಬವೇ. ಒಂದು ಕಲ್ಲನ್ನು ಇಂದು ಬಿಚ್ಚಿ ಮುಂದಿನ ವರ್ಷ ಜೋಡಿಸಿದರೂ ಕಲ್ಲಿಗೆ ಹಸಿವಿಲ್ಲ.

ಮರವೂ ಸ್ಥಾವರವೆಂದೇ ಶಾಸ್ತ್ರಗಳ ವಿಭಾಗ. ಆದರೆ ಶರಣರು ಸ್ಥಾವರವೆಂದು ನುಡಿದಾಗ ಅವರ ಕಣ್ಣೆದುರಿಗಿದ್ದುದು ಕಲ್ಲಿನ ಗುಡಿ, ಪಾದಪವಲ್ಲ. ಸ್ಥಾವರವು ಅಳಿಯತಕ್ಕದ್ದೇ ತಾನೆ ಎಂದು ಶರಣರ ಮಾತನ್ನು ಕೊಡಲಿಯ ಕಾವಾಗಿ ಮಾಡಿಕೊಳ್ಳುವವರು ಈ ಭೇದವನ್ನು ಮರೆಯುತ್ತಾರೆ. ನಿಂತಲ್ಲೇ ನಿಂತಂತೆ ತೋರುವ ಮರದ ಬೇರಿನ ತುದಿಗಳು ಮಣ್ಣಿನಲ್ಲಿ ಸಂಚರಿಸುತ್ತಲೇ ಇರುತ್ತವೆ.

ಆ ಸಂಚಾರದ ಬಗೆಯನ್ನು ಅರಿಯದೆ ಮುಂದಿನ ವಿಚಾರವು ತಿಳಿಯದು. ದಪ್ಪ ಬೇರುಗಳು ಮರವನ್ನು ಹಿಡಿದು ನಿಲ್ಲಿಸುತ್ತವೆ. ನೀರನ್ನು ಹೀರುವವು ಕೂದಲಿನಷ್ಟು ಸಣ್ಣವು. ಈ ಹೀರುಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನಲ್ಲಿಯೇ, ಬುಡದಿಂದ ಬಹುದೂರದಲ್ಲಿ, ಎಷ್ಟೋ ವೇಳೆ ನೆರಳಿನ ಅಂಚನ್ನೂ ದಾಟಿ ಹರಡಿರುತ್ತವೆ. ಒಂದೇ ದಿನದಲ್ಲಿ ಬುಡದ ಸುತ್ತ ಅಗೆದು ಎತ್ತಿದರೆ ಕೈಗೆ ಬರುವುದು ಕಾಲು. ಬಾಯಿಯು ಹೊಂಡದಲ್ಲಿಯೇ ಉಳಿಯಿತು.

ಬಲ್ಲವರು ಹಾಗೆ ಮಾಡುವುದಿಲ್ಲ. ಕಾಂಡವು 8 ಅಂಗುಲ ದಪ್ಪವಿದ್ದರೆ ಸುಮಾರು ಅದರ ಹತ್ತುಪಾಲು, ಎಂದರೆ ಆರೂವರೆ ಏಳಡಿ ಅಗಲದ ಮಣ್ಣಿನ ಹೆಂಟೆಯೊಡನೆ ಮರವನ್ನು ಎತ್ತಬೇಕಾಗುತ್ತದೆ. ಹೆಂಟೆಯ ಭಾರವೇ ಮೂರು ನಾಲ್ಕು ಟನ್ನು. ಅವರು ಎತ್ತುವುದಕ್ಕೆ ಎರಡು ವರ್ಷ ಮುಂಚೆ, ಮುಂಗಾರಿನ ಹೊತ್ತಿಗೆ, ಆ ಅಳತೆಗಿಂತ ತುಸು ಒಳಗೆ ವೃತ್ತವೊಂದನ್ನು ಗುರುತಿಸಿ, ಅದನ್ನು ಆರೆಂಟು ಭಾಗ ಮಾಡಿ, ಒಂದು ಬಿಟ್ಟು ಒಂದರಂತೆ ಅಡಿಯಗಲದ ಚರಂಡಿ ತೋಡುತ್ತಾರೆ. ಎದುರಾದ ಬೇರನ್ನು ಗುದ್ದಲಿಯಿಂದ ಜಜ್ಜದೆ ಹರಿತವಾದ ಗರಗಸದಿಂದ ನುಣ್ಣಗೆ ಕತ್ತರಿಸುತ್ತಾರೆ. ಸಡಿಲ ಮಣ್ಣಿಗೆ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ಚರಂಡಿಯನ್ನು ಮುಚ್ಚಿ ನೀರೆರೆಯುತ್ತಾರೆ. ಕತ್ತರಿಸಿದ ತುದಿಗಳಿಂದ ಹೊಸ ಹೀರುಬೇರುಗಳು ಕುಚ್ಚುಕುಚ್ಚಾಗಿ ಒಡೆಯುತ್ತವೆ. ಈ ನಡುವೆ ಕತ್ತರಿಸದೆ ಬಿಟ್ಟ ಭಾಗಗಳೇ ಮರವನ್ನು ಸಾಕುತ್ತವೆ. ಮರುವರ್ಷ ಆ ಭಾಗಗಳ ಸರದಿ. ಮೂರನೆಯ ಮುಂಗಾರಿಗೆ ಮರವು ತನ್ನ ಬಾಯನ್ನು ಬುಡದ ಹತ್ತಿರಕ್ಕೆ ತಂದುಕೊಂಡಿರುತ್ತದೆ.

ನೆಲವನ್ನೂ ನೋಡಬೇಕು. ನಾಗಮಂಗಲದ ಕಡೆಯ ಗರಸು ಬೆರೆತ ಕೆಂಪು ಮಣ್ಣು ಒಣಗಿದ್ದರೆ ಹೆಂಟೆಯು ಎತ್ತುವಾಗಲೇ ಪುಡಿಯಾಗುವುದು. ಮೊದಲೇ ನೀರುಣಿಸಿ, ಗೋಣಿತಾಟು ಸುತ್ತಿ, ಹಗ್ಗದಿಂದ ಬಿಗಿಯಬೇಕು. ಶ್ರೀರಂಗಪಟ್ಟಣದ ವಿರಿಜಾ ನಾಲೆಯ ಗದ್ದೆಬಯಲಿನಲ್ಲಿ ನೀರು ಮೇಲೆಯೇ ಇರುವುದರಿಂದ ಹೊಸ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯದಂತೆ ಏರಿಸಿ ನೆಡಬೇಕು. ಆಲ, ಅರಳಿ, ಅತ್ತಿಗಳು ಇಂಥ ಸ್ಥಾನಾಂತರವನ್ನು ತಾಳಿಕೊಳ್ಳುತ್ತವೆ. ಮುದಿ ಹುಣಿಸೆ, ಮುದಿ ಮಾವುಗಳ ವಿಷಯದಲ್ಲಿ ಆಸೆಯಿಡುವುದು ಕಷ್ಟ.

ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಎರಡು ವಿಧದಲ್ಲಿಯೂ ಬೇರನ್ನು ಕತ್ತರಿಸುವುದಾದ ಮೇಲೆ ಭೇದವೇನು? ಕರುಣೆಯಿಂದ ಎರಡು ವರ್ಷ ಕತ್ತರಿಸುವುದು, ಅವಸರದಿಂದ ಒಂದು ದಿನ ಕತ್ತರಿಸುವುದು, ಎರಡೂ ಹಿಂಸೆಯೇ ಅಲ್ಲವೆ? ಅಹುದು, ಗಾಯವು ಎರಡರಲ್ಲಿಯೂ ಇದೆ. ಆದರೆ ಮೊದಲನೆಯದರಲ್ಲಿ ಗಾಯಗೊಂಡದ್ದು ಮಾಯುವ ತನಕ ಗಾಯ ಮಾಡಿದವನು ಕಾದು ನಿಂತಿದ್ದಾನೆ. ಎರಡನೆಯದರಲ್ಲಿ ಅವನು ಕೈ ತೊಳೆದುಕೊಂಡು ಹೊರಟುಹೋಗಿದ್ದಾನೆ.

ಹೊರಟುಹೋದವನ ದೋಷವು ಅಷ್ಟಕ್ಕೇ ಮುಗಿಯುವುದಿಲ್ಲ. ಎಬ್ಬಿಸಿ ನೆಟ್ಟ ಮರವು ಮರುದಿನವೇ ಒಣಗದು. ಕಾಂಡದಲ್ಲಿ ಕೂಡಿಟ್ಟ ಸಾರದಿಂದ ಒಂದೆರಡು ಬಾರಿ ಚಿಗುರುವುದೂ ಉಂಟು. ಆ ಚಿಗುರನ್ನು ತೋರಿಸಿ, ಮರವನ್ನು ಉಳಿಸಿದೆವೆಂದು ಹೇಳಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅದು ಸಾಯುವಾಗ ನೋಡುವವರು ಯಾರೂ ಇರುವುದಿಲ್ಲ. ಕಡಿದವನಿಗೆ ತಾನು ಕಡಿದೆನೆಂಬುದಾದರೂ ಗೊತ್ತು. ಇವನಿಗೆ ಅದೂ ಗೊತ್ತಿಲ್ಲ. ಕೊಂದು ಪುಣ್ಯದ ಲೆಕ್ಕದಲ್ಲಿ ಬರೆದುಕೊಂಡಿದ್ದಾನೆ. ನುಡಿಯೂ ನಡೆಯೂ ಒಂದಾಗಬೇಕೆಂದು ಶರಣರು ಹಟ ಹಿಡಿದುದು ಇಂಥ ಕಡೆಗಳಿಗಾಗಿಯೇ ಇರಬೇಕು.

ಮನೆಯ ಸಾಲಕ್ಕೆ ಬಡ್ಡಿ ಓಡುತ್ತಿರುವಾಗ ಎರಡು ವರ್ಷ ಕಾಯುವವರಾರು ಎಂದು ಗೃಹಸ್ಥನು ಕೇಳಿದರೆ ಅವನನ್ನು ಗದರಿಸುವುದು ಸಲ್ಲದು. ಸಂಸಾರಿಗೆ ಬಡ್ಡಿಯೂ ನಿಜ. ಅವನು ಮೊದಲು ಮೇಸ್ತ್ರಿಯನ್ನು ಕರೆದು, ಗೋಡೆಯನ್ನು ಎರಡು ಗಜ ಸರಿಸಲು ಬರುವುದೋ ಎಂದು ಕೇಳಲಿ. ಎಷ್ಟೋ ವೇಳೆ ಬರುತ್ತದೆ, ಕೇಳಿದವರೇ ಇರುವುದಿಲ್ಲ. ಬಾರದಿದ್ದರೆ, ಕಾಯಲೂ ಆಗದಿದ್ದರೆ, ಅನುಮತಿಯನ್ನು ಪಡೆದು ಕಡಿಯಲಿ; ಕಡಿದೆನೆಂದೇ ಹೇಳಲಿ; ಸಸಿಗಳನ್ನು ನೆಟ್ಟು ಸಾಕಲಿ. ಕಾಲವನ್ನು ಕೊಡಲಾರದವನಿಗೆ ‘ಉಳಿಸಿದೆ’ ಎಂಬ ಮಾತಿನ ಮೇಲೆ ಹಕ್ಕಿಲ್ಲ. ಮನೆಯ ಯೋಚನೆಯು ಹುಟ್ಟಿದ ವರ್ಷವೇ ಚರಂಡಿಯನ್ನು ತೋಡಿಸಿದ್ದರೆ, ನಕ್ಷೆ, ಸಾಲ, ಮರಳು, ಇಟ್ಟಿಗೆ ಕೂಡಿಬರುವ ವೇಳೆಗೆ ಬೇರೂ ಸಿದ್ಧವಾಗಿರುತ್ತಿತ್ತು.

ಹಾಗೆ ಕಾದವನು ಮೂರನೆಯ ಮುಂಗಾರಿನ ಮೋಡವಿರುವ ದಿನ ಕಾಂಡದ ಉತ್ತರದ ಮಗ್ಗುಲಿಗೆ ಸುಣ್ಣದ ಗುರುತು ಹಾಕುತ್ತಾನೆ. ಹೊಸ ಜಾಗದಲ್ಲಿಯೂ ಆ ಮಗ್ಗುಲು ಉತ್ತರಕ್ಕೇ ತಿರುಗಿದ್ದರೆ ನೆರಳಿನಲ್ಲಿ ಬೆಳೆದ ತೊಗಟೆಯು ಬಿಸಿಲಿಗೆ ಸೀಯದು. ಕ್ರೇನಿನ ಪಟ್ಟಿಯು ಹೆಂಟೆಯನ್ನು ಹಿಡಿಯಬೇಕು, ಕಾಂಡವನ್ನಲ್ಲ. ನೆಟ್ಟ ಬಳಿಕ ಪಾತಿ ಕಟ್ಟಿ, ಮೂರು ಕಡೆ ಆಸರೆ ಕೊಟ್ಟು, ಎರಡು ಬೇಸಿಗೆ ನೀರು ಹೊರುತ್ತಾನೆ. ಎಲೆಯೆಲ್ಲ ಉದುರಿದಾಗ ನೆರೆಯವರು, ಹೋಯಿತು ಬಿಡಿ ಎನ್ನುತ್ತಾರೆ. ಅವನು ಏನೂ ಹೇಳದೆ, ಸಣ್ಣ ಕೊಂಬೆಯೊಂದನ್ನು ಬಗ್ಗಿಸಿ, ತೊಗಟೆಯನ್ನು ಉಗುರಿನಿಂದ ಕೆರೆದು, ಒಳಗೆ ಹಸಿರಿದೆಯೇ ಎಂದು ನೋಡುತ್ತಾನೆ.