ಮನೆಯ ಮರಿ, ಸಂತೆಯ ಕುದುರೆ

ಬೆಂಗಳೂರಿಗೆ ಮೂಡಲಲ್ಲಿರುವ ಮಹದೇವಪುರದ ಸುತ್ತ ಹಿಂದೆ ರಾಗಿಯ ಹೊಲಗಳಿದ್ದುವು. ಈಗ ಅಲ್ಲಿ ಕಚೇರಿಗಳ ಗಾಜಿನ ಗೋಡೆಗಳು ಎದ್ದಿವೆ. ಇಂಥ ಊರಿನ ಅಂಚಿನಲ್ಲಿ ಅಷ್ಟಿಷ್ಟು ಭೂಮಿ ಉಳಿಸಿಕೊಂಡ ಗೃಹಸ್ಥನೊಬ್ಬನ ಬಳಿ ಸವಾರಿಯ ಹೆಣ್ಣುಕುದುರೆಯೊಂದಿದೆಯೆಂದೂ, ಅದಕ್ಕೆ ವಯಸ್ಸು ಏರುತ್ತಿರುವುದರಿಂದ ಮುಂದಿನ ಕುದುರೆಯನ್ನು ಅದರ ಹೊಟ್ಟೆಯಿಂದಲೇ ಪಡೆಯಬೇಕೋ ಹೊರಗಿನಿಂದ ಕೊಳ್ಳಬೇಕೋ ಎಂದು ಅವನು ಯೋಚಿಸುತ್ತಿರುವನೆಂದೂ ಭಾವಿಸಬಹುದು. ಮೇಲುನೋಟಕ್ಕೆ ಇದು ಬರಿಯ ಖರ್ಚಿನ ಲೆಕ್ಕ, ಉತ್ತರವೂ ಸುಲಭ. ಕುದುರೆಯ ಗರ್ಭ ಸುಮಾರು 11 ತಿಂಗಳು. ಹುಟ್ಟಿದ ಮರಿ ಸವಾರನ ಭಾರ ಹೊರಲು ಮತ್ತೆ ಮೂರು ನಾಲ್ಕು ವರ್ಷ. ಅಷ್ಟು ಕಾಲದ ಹುಲ್ಲು, ಹುರುಳಿ, ಲಾಳ, ಆಳಿನ ಸಂಬಳಗಳನ್ನು ಕೂಡಿಸಿ ನೋಡಿದವನು ಕೊಳ್ಳುವುದೇ ಅಗ್ಗವೆನ್ನದಿರಲಾರನು. ಕೊಳ್ಳುವವನಿಗೆ ಹಲ್ಲು ನೋಡುವ, ಸುಳಿ ನೋಡುವ, ಓಡಿಸಿ ನೋಡುವ ಸ್ವಾತಂತ್ರ್ಯವೂ ಉಂಟು, ಹುಟ್ಟಿಸುವವನಿಗೆ ಅದಿಲ್ಲ.

ಕೊಳ್ಳುವ ದಾರಿಯನ್ನು ಈ ನಾಡು ಬಹು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದೆ. ವಿಜಯನಗರದ ಅಶ್ವಬಲಕ್ಕೆ ಉತ್ತಮ ಕುದುರೆಗಳು ಹೋರ್ಮುಜ್, ಏಡನ್ ಮೊದಲಾದ ಬಂದರುಗಳಿಂದ ಕಡಲ ಮೇಲೆ ಬರುತ್ತಿದ್ದುವು. ಪೋರ್ಚುಗೀಸ್ ವರ್ತಕನಾದ ನೂನಿಜನು 16ನೆಯ ಶತಮಾನದಲ್ಲಿ ಬರೆದಿಟ್ಟಿರುವಂತೆ, ಅರಸನು ಹೋರ್ಮುಜಿನವನ್ನೂ ದೇಶೀಯವಾದವನ್ನೂ ಕೂಡಿ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನು. ಅದಕ್ಕೂ ಹಿಂದೆ ಸಾಳುವ ನರಸಿಂಹನು ಮೂರು ಕುದುರೆಗಳಿಗೆ ಸಾವಿರ ಪರ್ದಾವುಗಳಂತೆ ಕೊಡುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಹಣ ಸಲ್ಲುತ್ತಿದ್ದಿತಂತೆ. ವರ್ತಕನ ಭಯ ಕಳೆಯುವುದಕ್ಕೆ ಇದು ಜಾಣ ಉಪಾಯವೇ ಸರಿ. ಆದರೆ ಬಾಲಕ್ಕೂ ಜೀವಕ್ಕೂ ಒಂದೇ ಬೆಲೆಯಾದ ಮೇಲೆ, ಹಡಗಿನ ಒಡಲಲ್ಲಿ ಬಾಯಾರಿ ನಿಂತ ಪ್ರಾಣಿಗೆ ಒಂದು ಕೊಡ ನೀರು ಹೆಚ್ಚು ಕೊಡಬೇಕೆಂಬ ಕಾತರ ಯಾರಿಗೆ ಇದ್ದೀತು? ಕೊಳ್ಳುವವನು ಲಾಯದ ಬಾಗಿಲಿನಿಂದೀಚೆಗೆ ಮಾತ್ರ ತನ್ನ ಹೊಣೆಯೆಂದು ತಿಳಿಯುವನು. ದಾರಿಯಲ್ಲಿ ಬಿದ್ದುದು ಅವನ ಕಣ್ಣಿಗೆ ಬೀಳದು. ಅದಿರಲಿ, 1510ರಲ್ಲಿ ಗೋವೆಯು ಪೋರ್ಚುಗೀಸರ ಕೈಸೇರಿದ ಬಳಿಕ ಕುದುರೆಗಳು ಯಾರಿಗೆ ಸಲ್ಲಬೇಕೆಂಬುದರಲ್ಲಿ ಅವರ ಮಾತೇ ಬಲವಾಯಿತು.

ಮೈಸೂರು ಬೇರೆ ಮಾರ್ಗ ಹಿಡಿಯಿತು. ಟಿಪ್ಪು ಸುಲ್ತಾನನ ಕಾಲದಲ್ಲಿ ಕುಣಿಗಲಿನಲ್ಲಿ ಸೈನ್ಯಕ್ಕಾಗಿ ಕುದುರೆಗಳನ್ನು ಬೆಳಸುವ ಏರ್ಪಾಡಾಯಿತು. ಎತ್ತುಗಳ ಕಥೆ ಇನ್ನೂ ಬೋಧಪ್ರದವಾದುದು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯೇ ಮುಂದೆ ಟಿಪ್ಪುವಿನ ಅಮೃತಮಹಲ್ ಆಯಿತು. ಫಿರಂಗಿಗಳನ್ನೆಳೆಯುವ ಎತ್ತುಗಳನ್ನು ಕೊಟ್ಟ ಆ ಹಿಂಡನ್ನು 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಒಡೆದು ಹಾಕಿದರು. ಆದುದು ತಪ್ಪೆಂದು ತಿಳಿಯಲು ಬಹಳ ಕಾಲ ಹಿಡಿಯಲಿಲ್ಲ. 1866ರಲ್ಲಿ ಹಿಂಡನ್ನು ಮತ್ತೆ ಕಟ್ಟಬೇಕಾಯಿತು. ತಲೆಮಾರುಗಳಿಂದ ಆಯ್ದು ಬೆಳಸಿದ ತಳಿಯನ್ನು ಹಣವೊಂದರಿಂದಲೇ ಮರಳಿ ತರಲಾಗದು.

ಇಷ್ಟರಿಂದ ಗೃಹಸ್ಥನೂ ಮರಿ ಹುಟ್ಟಿಸಲಿ ಎಂದರೆ ಅವಸರವಾದೀತು. ರಾಜ್ಯಕ್ಕೆ ವಿಸ್ತಾರವಾದ ಕಾವಲುಗಳಿದ್ದುವು. ಅವನಿಗಿರುವುದು ಒಂದು ಲಾಯ. ಕೊಳ್ಳುವವನು ಈಗಾಗಲೇ ಲೋಕದಲ್ಲಿರುವ ಜೀವಕ್ಕೆ ಎಡೆ ಕೊಡುವನು. ಹುಟ್ಟಿಸುವವನು ಇಲ್ಲದ ಜೀವವನ್ನು ಕರೆತರುವನು. ಕರೆದವನಿಗೆ ಬಂದುದನ್ನು ಒಲ್ಲೆನೆನ್ನುವ ಹಕ್ಕಿಲ್ಲ. ಮರಿಯನ್ನು ಬಯಸುವವರ ಮನಸ್ಸಿನಲ್ಲಿರುವುದು ತಾಯಿಯ ನಡೆ, ತಾಯಿಯ ಬಣ್ಣ. ಕಾಲು ಸೊಟ್ಟಗಾದ, ಮುಟ್ಟಿದರೆ ಬೆದರುವ ಮರಿಯನ್ನು ಯಾರೂ ಕನಸಿನಲ್ಲಿ ಕಾಣುವುದಿಲ್ಲ. ಪ್ರಸವದ ಅಪಾಯವಾದರೋ ತಾಯಿಯ ಪಾಲಿಗೆ. ಕುಣಿಗಲು ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಗೆದ್ದ ಕುದುರೆಯ ಹೆಸರನ್ನು ಎಲ್ಲರೂ ಬಲ್ಲರು, ಎಲ್ಲ ಕಡೆಯಲ್ಲಿಯೂ ಸೋತುದರ ಪಾಡನ್ನು ವಿಚಾರಿಸುವವರು ವಿರಳ.

ಹಾಗೆಂದು ಕೊಳ್ಳುವವನು ಕೈತೊಳೆದುಕೊಂಡಂತಾಗಲಿಲ್ಲ. ಎಳೆಯ, ಚೆಲುವಾದ ಕುದುರೆಗೆ ಅವನು ಕೊಟ್ಟ ಹಣವೇ ಮತ್ತೆ ಹತ್ತು ಮರಿಗಳನ್ನು ಹುಟ್ಟಿಸುವುದು. ಆ ಹತ್ತರಲ್ಲಿ ಮಾರಾಟವಾಗದೆ ಉಳಿದುದು ಅವನಿಗೂ ಸಂಬಂಧಪಟ್ಟದ್ದೇ. ಪಂದ್ಯದಿಂದ ಬಿಟ್ಟ, ಇನ್ನೊಬ್ಬರು ಬೇಡವೆಂದ, ಆದರೆ ಸಾಧುವಾದ ಕುದುರೆಯನ್ನು ಕೊಂಡರೆ ಈ ದೋಷ ಬಹುಮಟ್ಟಿಗೆ ತಪ್ಪುವುದು. ಮಹದೇವಪುರದ ಗೃಹಸ್ಥನಿಗೆ ಈ ದಾರಿಯೇ ಮೇಲೆಂದು ತೋರುತ್ತದೆ. ಕುಂಟು ಮರಿಯೇ ಬಂದರೂ 25 ವರ್ಷ ಮೇವು ಹಾಕುವೆನೆಂದು ಗಂಡುಕುದುರೆಯನ್ನು ಕರೆತರುವ ಮೊದಲೇ ನಿಶ್ಚಯಿಸಬಲ್ಲವನಾದರೆ ಮಾತು ಬೇರೆ. ಯಾವ ಪಕ್ಷದಲ್ಲಿಯೂ ಆ ಮುದಿ ಹೆಣ್ಣುಕುದುರೆಯ ಜಾಗವನ್ನು ಬಿಡಿಸಕೂಡದು. ಹೊಸದಕ್ಕೆ ಎಡೆ ಮಾಡಲೆಂದು ಅದನ್ನು ಮಾರುವ ಯೋಚನೆಯಿದ್ದರೆ, ಅವನು ಮೊದಲು ತೀರ್ಮಾನಿಸಬೇಕಾದ ಪ್ರಶ್ನೆ ಅದು.