ಅವರನ್ನೂ ಕರೆದು ಕೂರಿಸಿ

ಟಿಳಕವಾಡಿಯ ಕಾಲೇಜೊಂದಕ್ಕೆ ಖಾನಾಪುರದ ಕಾಡಂಚಿನ ಹಳ್ಳಿಯಿಂದ ಬರುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹೆಣ್ಣು ಮಕ್ಕಳು ಓದನ್ನು ಅರ್ಧಕ್ಕೆ ಬಿಡುವುದೇಕೆಂದು ತಿಳಿಯಲು ಸಂಶೋಧಕರು ಬರುತ್ತಾರೆ. ಊರು ಎಷ್ಟು ದೂರ, ತಂದೆಯ ಆದಾಯವೆಷ್ಟು ಎಂದು ಕೇಳಿ ಬರೆದುಕೊಂಡು ಹೋಗುತ್ತಾರೆ. ಸಂಜೆಯ ಬಸ್ಸು ತಪ್ಪಿದರೆ ಕತ್ತಲಲ್ಲಿ ಮನೆಯ ತನಕ ಜೊತೆಗೆ ಬರುವವರು ಯಾರೆಂದು ಮಾತ್ರ ಕೇಳುವುದಿಲ್ಲ. ಕೇಳಬೇಕಾಗಿದ್ದ ಆ ಪ್ರಶ್ನೆ ಗೊತ್ತಿದ್ದುದು ಅವಳೊಬ್ಬಳಿಗೇ.

ಒಬ್ಬರ ಕಷ್ಟವನ್ನು ಅಧ್ಯಯನ ಮಾಡುವವರು ಅವರಿಂದ ಉತ್ತರವನ್ನಷ್ಟೇ ಪಡೆದರೆ ಸಾಕೇ? ಪ್ರಶ್ನೆಗಳನ್ನು ರೂಪಿಸುವಾಗಲೂ ಅವರಿಗೆ ಪಾಲು ಬೇಡವೇ?

ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ಮಾದರಿಯಿದೆ. 1990ರಲ್ಲಿ ದುಡಿಯುವ ಮಕ್ಕಳು ‘ಭೀಮ ಸಂಘ’ ಕಟ್ಟಿಕೊಂಡರು. ಅವರ ಬೆನ್ನಿಗೆ ನಿಂತ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ನೆರವಿನಿಂದ ಮಕ್ಕಳು ತಮ್ಮ ಓಡಾಟದ ತೊಂದರೆಗಳನ್ನು ತಾವೇ ಅಧ್ಯಯನ ಮಾಡಿದರು. ಅದರ ಕುರಿತ ಪ್ರಬಂಧ 2006ರಲ್ಲಿ ಅಂತಾರಾಷ್ಟ್ರೀಯ ಸಂಶೋಧನಾ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಅನುಭವವೊಂದೇ ವಿದ್ಯೆಯಾಗದು, ನಿಜ. ಎಣಿಸಲು, ಹೋಲಿಸಲು, ತಪ್ಪು ತಿದ್ದಲು ವಿದ್ವಾಂಸರು ಬೇಕು. ಆದರೆ ಏನನ್ನು ಎಣಿಸಬೇಕೆಂದು ಹೇಳಬಲ್ಲವರು ಅನುಭವಿಸಿದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳ ಪ್ರಕಾರ, 7 ವರ್ಷ ದಾಟಿದ ಮಗುವನ್ನು ಸಂಶೋಧನೆಗೆ ಒಳಪಡಿಸುವಾಗ ಹೆತ್ತವರ ಅನುಮತಿಯ ಜೊತೆಗೆ ಮಗುವಿನ ಸಮ್ಮತಿಯನ್ನೂ ಪಡೆಯಬೇಕು. ಇದು ಒಳ್ಳೆಯ ಆರಂಭ. ಆದರೆ ಸಮ್ಮತಿ ಕೊಟ್ಟವರೆಲ್ಲ ಪಾಲುದಾರರಾಗುವುದಿಲ್ಲ. ಪಾಲುದಾರರಿಗೆ ‘ಈ ಪ್ರಶ್ನೆ ಸರಿಯಿಲ್ಲ’ ಎನ್ನುವ ಅಧಿಕಾರವಿರಬೇಕು, ಕೊನೆಗೆ ಕಂಡುಕೊಂಡದ್ದು ಅವರ ಮನೆಗೂ ತಲುಪಬೇಕು.

ಎಚ್ಚರಿಕೆಯೂ ಬೇಕು. ನೊಂದ ಮಗುವಿಗೆ ಹೇಳುವ ಹಕ್ಕಿರುವಂತೆ ಸುಮ್ಮನಿರುವ ಹಕ್ಕೂ ಇದೆ. ಅದು ನಂಬಿ ಹೇಳಿದ ಮಾತು ನಮ್ಮ ಬಳಿಯಿರುವ ಅಮಾನತ್ತು. ಸಭೆಗೆ ಶೋಭೆ ತರಲು ಅದನ್ನು ಮತ್ತೆ ಮತ್ತೆ ಕೆದಕುವುದು ವಂಚನೆ.

ಪ್ರವಾದಿ ಇಬ್ರಾಹೀಮರ(ಅ) ವೃತ್ತಾಂತ ನಮಗೆಲ್ಲ ತಿಳಿದದ್ದೇ. ಕನಸಿನಲ್ಲಿ ಕಂಡ ಆಜ್ಞೆ ಸ್ಪಷ್ಟವಾಗಿತ್ತು. ಆದರೂ ಅವರು ಮಗನೊಡನೆ ವಿಷಯ ತಿಳಿಸಿ, ಅವನ ಅಭಿಪ್ರಾಯ ಕೇಳಿದರು. ಬಲಿಯಾಗಬೇಕಾದವನು ಮಗ, ಆದ್ದರಿಂದ ಮಾತನಾಡುವ ಹಕ್ಕೂ ಅವನಿಗಿತ್ತು.

ಪ್ರಿಯ ಓದುಗರೇ, ಸಂಶೋಧಕರ ಮಾತು ಹಾಗಿರಲಿ, ನಮ್ಮ ಮನೆಗಳಲ್ಲಿ ನಡೆಯುವುದೇನು? ಮಗಳ ಓದು ಮುಂದುವರಿಯಬೇಕೋ ಬೇಡವೋ ಎಂದು ಹಿರಿಯರು ಪಡಸಾಲೆಯಲ್ಲಿ ತೀರ್ಮಾನಿಸುತ್ತಾರೆ. ಅವಳು ಒಳಗೆ ಅವರಿಗಾಗಿ ಚಹಾ ಕುದಿಸುತ್ತಿರುತ್ತಾಳೆ. ಮುಂದಿನ ಸಲ ಚಹಾ ತಡವಾದರೂ ಸರಿಯೇ, ಮೊದಲು ಅವಳನ್ನು ಕರೆದು ಕೂರಿಸಿ.