ರುಜು ಯಾರ ಪರವಾಗಿ?

ಹೊರನಾಡಿನಲ್ಲಿ ಬದುಕುವ ಕನ್ನಡಿಗನಿಗೆ ‘ರಾಜ್ಯ’ ಅನ್ನೋ ಪದ ಬಿದ್ದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ನಾವು ಹೊರರಾಜ್ಯದವರು, ಬಾಡಿಗೆ ಸಭಾಗೃಹದಲ್ಲಿ ರಾಜ್ಯೋತ್ಸವ ಮಾಡುವವರು. ಮುಂಬಯಿಯ ಬೋರಿವಲಿಯಲ್ಲಿ, ಕ್ರೈಸ್ತರು ಹೆಚ್ಚಾಗಿರುವ ಐ.ಸಿ. ಕಾಲನಿಯ ಪಕ್ಕ ಮನೆ ಮಾಡಿದ ಮೇಲೆ ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ ಅಂತ ತಿಳಿಯಿತು. ನಮ್ಮ ಕಟ್ಟಡದಲ್ಲಿ ಮಂಗಳೂರು ಕಡೆಯ ಕ್ಯಾಥೊಲಿಕ್ ಕುಟುಂಬವೊಂದಿದೆ. ಮನೆಮಾತು ಕೊಂಕಣಿ, ಓದುವುದು ಕನ್ನಡ. ನಮ್ಮ ರಾಜ್ಯೋತ್ಸವ ಮುಗಿದು ಮೂರು ವಾರಕ್ಕೆ ಅವರ ‘ಕ್ರಿಸ್ತರಾಜರ ಹಬ್ಬ’ ಬರುತ್ತದೆ. ನಾನು ಕ್ರೈಸ್ತನಲ್ಲ. ಆದರೂ, ಓಟು ಹಾಕಿ ಸರಕಾರ ಬದಲಿಸುವ ಜನ ದೇವರನ್ನು ಇನ್ನೂ ರಾಜ ಅಂತ ಯಾಕೆ ಕರೆಯುತ್ತಾರೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ದೇವರು ರಾಜ ಅನ್ನೋದು ನಮಗೇನೂ ಹೊಸದಲ್ಲ ಬಿಡಿ. ವಿಜಯನಗರದ ಅರಸರು ಶಾಸನದ ಕೊನೆಗೆ ‘ಶ್ರೀ ವಿರೂಪಾಕ್ಷ’ ಎಂದು ರುಜು ಹಾಕುತ್ತಿದ್ದರು. 1750ರಲ್ಲಿ ತಿರುವಾಂಕೂರಿನ ಮಾರ್ತಾಂಡವರ್ಮ ಇಡೀ ರಾಜ್ಯವನ್ನೇ ಪದ್ಮನಾಭನಿಗೆ ಒಪ್ಪಿಸಿ, ಅವನ ದಾಸನೆಂಬ ಹೆಸರಿನಲ್ಲಿ ಆಳಿದ. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ‘ಬ್ಯಾಂಕಿನ ಪರವಾಗಿ’ ರುಜು ಹಾಕಿದ ನನಗೆ ಇದರ ಒಳಗುಟ್ಟು ಗೊತ್ತು. ಇನ್ನೊಬ್ಬರ ಪರವಾಗಿ ರುಜು ಹಾಕಿದವನು ತಾನು ಮಾಲೀಕನಲ್ಲ, ಲೆಕ್ಕ ಒಪ್ಪಿಸಬೇಕಾದವನು ಅಂತ ಒಪ್ಪಿಕೊಂಡ ಹಾಗಾಯಿತು. ಆದರೆ ಅದೇ ರುಜುವಿನ ಮರೆಯಲ್ಲಿ ನಿಂತು ‘ಇದು ಮೇಲಿನ ಆದೇಶ ಕಣ್ರೀ’ ಅಂತ ಎದುರಿನವನ ಬಾಯಿಯನ್ನೂ ಮುಚ್ಚಿಸಬಹುದು.

ಕ್ರೈಸ್ತರ ಗ್ರಂಥದಲ್ಲಿ ರಾಜರ ಕಥೆ ಅನುಮಾನದಿಂದಲೇ ಶುರುವಾಗುತ್ತದೆ. ಬೇರೆ ಜನಾಂಗಗಳಿಗಿರುವ ಹಾಗೆ ನಮಗೂ ಒಬ್ಬ ರಾಜ ಬೇಕು ಅಂತ ಇಸ್ರೇಲಿನ ಜನ ಪ್ರವಾದಿ ಸಮುವೇಲನ ಬೆನ್ನು ಬೀಳುತ್ತಾರೆ. ಅವನು ಎಚ್ಚರಿಸುತ್ತಾನೆ: ಗಂಡುಮಕ್ಕಳನ್ನು ರಥಕ್ಕೆ, ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಎಳೆದುಕೊಳ್ಳುತ್ತಾನೆ, ಒಳ್ಳೆಯ ಹೊಲ ಕಿತ್ತು ತನ್ನವರಿಗೆ ಕೊಡುತ್ತಾನೆ, ಬೆಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಕೇಳುತ್ತಾನೆ. ಜನ ರಾಜನನ್ನು ಬೇಡಿದ್ದನ್ನು ದೇವರು ತನ್ನ ಆಳ್ವಿಕೆಯ ತಿರಸ್ಕಾರ ಎಂದೇ ಎಣಿಸುತ್ತಾನೆ. ಅಂದರೆ ಇಲ್ಲಿ ದೇವರ ರಾಜತ್ವ ಮನುಷ್ಯ ರಾಜನಿಗೆ ಊರುಗೋಲಲ್ಲ, ಅಡ್ಡಗೋಡೆ.

ಯೇಸುವಿನ ಹತ್ತಿರ ಬಂದರೆ ವಿಷಯ ಇನ್ನೂ ವಿಚಿತ್ರ. ಹೊಟ್ಟೆತುಂಬ ರೊಟ್ಟಿ ತಿಂದ ಜನ ತನ್ನನ್ನು ಹಿಡಿದು ರಾಜನನ್ನಾಗಿ ಮಾಡುತ್ತಾರೆ ಅಂತ ಗೊತ್ತಾದ ಕೂಡಲೇ ಆತ ಒಬ್ಬನೇ ಬೆಟ್ಟ ಹತ್ತಿಬಿಡುತ್ತಾನೆ. ಯೆರೂಸಲೇಮಿಗೆ ಬರುವುದು ಕತ್ತೆಯ ಮೇಲೆ. ಶಿಷ್ಯರ ಕಾಲು ತೊಳೆಯುತ್ತಾನೆ. ರೋಮನ್ ಅಧಿಪತಿ ಪಿಲಾತ ವಿಚಾರಣೆ ಮಾಡಿದಾಗ, ತನ್ನ ರಾಜ್ಯ ಈ ಲೋಕದ ಬಗೆಯದ್ದಲ್ಲ, ಆಗಿದ್ದರೆ ತನ್ನವರು ಹೊಡೆದಾಡುತ್ತಿದ್ದರು ಎನ್ನುತ್ತಾನೆ. ಕಿರೀಟ ಮುಳ್ಳಿನದು. ಶಿಲುಬೆಯ ಮೇಲೆ, ಈತ ಯೆಹೂದ್ಯರ ಅರಸ ಎಂಬ ಬರಹ, ಅದೂ ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರು ಭಾಷೆಯಲ್ಲಿ, ನಮ್ಮ ರೈಲ್ವೆ ಸ್ಟೇಷನ್ನಿನ ಬೋರ್ಡಿನ ಹಾಗೆ! ‘ಅರಸ ಅಂತ ಬರೀಬೇಡಿ, ಅರಸನೆಂದು ಹೇಳಿಕೊಂಡ ಅಂತ ತಿದ್ದಿ’ ಎಂಬ ಅರ್ಥದಲ್ಲಿ ಪುರೋಹಿತರು ತಕರಾರು ತೆಗೆದರೂ ಪಿಲಾತ ತಿದ್ದಲಿಲ್ಲ. ಹೀಗೆ ಗೇಲಿಗೆ ಅಂಟಿಸಿದ ಬಿರುದನ್ನೇ ಕ್ರೈಸ್ತರು ತಲೆಯ ಮೇಲೆ ಹೊತ್ತುಕೊಂಡರು. ಅವರ ಗ್ರಂಥದ ಮೂಲ ಗ್ರೀಕ್ ಪದ ‘ಬಸಿಲೇಯ’ಕ್ಕೆ ನಾಡು ಅನ್ನುವುದಕ್ಕಿಂತ ಆಳ್ವಿಕೆ ಎಂಬ ಅರ್ಥವೇ ಹೆಚ್ಚು ಹೊಂದುತ್ತದಂತೆ. ಗಡಿ ಇಲ್ಲದ ರಾಜ್ಯ. ಬೆಳಗಾವಿಯ ಜಗಳ ಕೇಳಿ ಕೇಳಿ ಸಾಕಾದ ನಮ್ಮಂಥವರಿಗೆ ಈ ಕಲ್ಪನೆಯೇ ಒಂದು ಸಮಾಧಾನ.

ಹಬ್ಬ ಮಾತ್ರ ತೀರಾ ಹಳೆಯದಲ್ಲ. 1925ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಇದನ್ನು ಆರಂಭಿಸಿದರು. ಮೊದಲ ಮಹಾಯುದ್ಧದಲ್ಲಿ ರಷ್ಯಾ, ಜರ್ಮನಿ, ಆಸ್ಟ್ರಿಯಾದ ಚಕ್ರವರ್ತಿಗಳು ಉರುಳಿದ್ದರು. ಇಟಲಿಯಲ್ಲಿ ಮುಸೋಲಿನಿ ಕುರ್ಚಿ ಹಿಡಿದಿದ್ದ. ಸರಕಾರಗಳೂ ಬಹಿರಂಗವಾಗಿ ಕ್ರಿಸ್ತನಿಗೆ ತಲೆಬಾಗಬೇಕು ಎಂಬುದು ಪೋಪರ ವಾದ. ನನಗೆ ಕಸಿವಿಸಿಯಾಗುವುದು ಇಲ್ಲೇ. ಮೆಕ್ಸಿಕೋದಲ್ಲಿ ಸರಕಾರ ಚರ್ಚಿನ ಮೇಲೆ ಮುಗಿಬಿದ್ದಾಗ, 1927ರ ನವೆಂಬರ್ 23ರಂದು ಮಿಗೆಲ್ ಪ್ರೊ ಎಂಬ ಪಾದ್ರಿ ಬಂದೂಕುಗಳ ಎದುರು ಎರಡೂ ಕೈ ಚಾಚಿ ನಿಂತು, ಕ್ರಿಸ್ತರಾಜನಿಗೆ ಜಯವಾಗಲಿ ಎಂದು ಕೂಗಿ ಪ್ರಾಣ ಬಿಟ್ಟರು. ಅದೇ ಹೆಸರನ್ನು 1970ರ ದಶಕದ ಸ್ಪೇನಿನಲ್ಲಿ ‘ಕ್ರಿಸ್ತರಾಜನ ಗೆರಿಲ್ಲಾಗಳು’ ಎಂಬ ಬಲಪಂಥೀಯ ಗುಂಪು ಇಟ್ಟುಕೊಂಡು ವಿರೋಧಿಗಳನ್ನು ಬಡಿಯುತ್ತಿತ್ತು. ಬಂದೂಕಿನ ಎದುರು ನಿಂತವನ ಬಾಯಲ್ಲೂ ಅದೇ ರಾಜ, ದೊಣ್ಣೆ ಹಿಡಿದವನ ಬಾಯಲ್ಲೂ ಅದೇ ರಾಜ. ಹಾಗಾದರೆ ಯಾರ ರುಜು ಅಸಲಿ?

‘ಹಾಗಿದ್ದರೆ ರಾಜ ಅನ್ನೋ ಪದವನ್ನೇ ಬಿಟ್ಟುಬಿಡಬಾರದೇ?’ ಅಂತ ಪಕ್ಕದ ಮನೆಯವರನ್ನೇ ಕೇಳಿದೆ. ಅವರು ವಾದ ಮಾಡಲಿಲ್ಲ. ಹಬ್ಬದ ದಿನ ಚರ್ಚಿನಲ್ಲಿ ಏನು ಓದುತ್ತಾರೆ ನೋಡಿ ಅಂದರು. ಮೂರು ವರ್ಷಕ್ಕೊಂದು ಸುತ್ತು. ಒಂದು ವರ್ಷ ಪಿಲಾತನ ವಿಚಾರಣೆ, ಒಂದು ವರ್ಷ ಶಿಲುಬೆಯ ಮೇಲೆ ಪಕ್ಕದ ಅಪರಾಧಿಯ ಜೊತೆಗಿನ ಮಾತು, ಇನ್ನೊಂದು ವರ್ಷ ಮತ್ತಾಯನ ಸುವಾರ್ತೆಯ ಅಂತಿಮ ತೀರ್ಪು. ಮೂರರಲ್ಲೂ ವೈಭವದ ದರ್ಬಾರು ಸಿಕ್ಕೀತು ಅಂದರೆ ಕೊನೆಯದರಲ್ಲಿ ಮಾತ್ರ. ಅಲ್ಲಿಯೂ ಸಿಂಹಾಸನದ ಮೇಲೆ ಕೂತ ರಾಜ ಕೇಳುವುದು ಹಸಿದವನ, ಬಾಯಾರಿದವನ, ಪರದೇಶಿಯ, ಬಟ್ಟೆಯಿಲ್ಲದವನ, ರೋಗಿಯ, ಕೈದಿಯ ಲೆಕ್ಕ. ಅವರ ವೇಷದಲ್ಲಿ ಬಂದವನು ತಾನೇ ಅನ್ನುತ್ತಾನೆ. ಕೊಟ್ಟವರಿಗೂ ಅದು ಗೊತ್ತಿರಲಿಲ್ಲ, ಕೊಡದವರಿಗೂ ಗೊತ್ತಿರಲಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಖಾತೆ ತೆರೆದದ್ದೇ ಗೊತ್ತಿಲ್ಲದ ಖಾತೆದಾರರು. ರಾಜ ಕೂತಿರೋದು ಮ್ಯಾನೇಜರ್ ಕ್ಯಾಬಿನ್ನಿನಲ್ಲಲ್ಲ, ಕೌಂಟರಿನ ಆಚೆ, ಸರತಿಯಲ್ಲಿ.

ಆ ಪಟ್ಟಿಯಲ್ಲಿ ಮೂರನೆಯವನು ಪರದೇಶಿ. ಮುಂಬಯಿಯಲ್ಲಿ 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರಾದ ನಮ್ಮ ಹಿರಿಯರು ಹೋಟೆಲಿನ ಬಾಗಿಲು ಎಳೆದುಕೊಂಡು ಕೂತ ಕಥೆಗಳನ್ನು ನಮ್ಮ ಸಂಘದಲ್ಲಿ ಇವತ್ತಿಗೂ ಹೇಳುತ್ತಾರೆ. ಅದೇ ಬಾಯಲ್ಲಿ, 2008ರಲ್ಲಿ ಉತ್ತರ ಭಾರತದ ಟ್ಯಾಕ್ಸಿಯವರಿಗೆ ಏಟು ಬಿದ್ದಾಗ, ‘ಈ ಭಯ್ಯಾಗಳು ಜಾಸ್ತಿಯಾದರು ಬಿಡಿ’ ಅಂದವರೂ ಇದ್ದಾರೆ. ಊರಿನಲ್ಲಿರುವ ನೀವಾದರೂ ಬೇರೆಯೇ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ, 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರು ಒಂದು ಗಾಳಿಮಾತಿಗೆ ಹೆದರಿ, ಬೆಂಗಳೂರಿನ ಸ್ಟೇಷನ್ನಿನಲ್ಲಿ ಗುವಾಹಾಟಿಯ ರೈಲಿಗೆ ಸಾವಿರಗಟ್ಟಲೆ ಮುಗಿಬಿದ್ದದ್ದನ್ನು ಟೀವಿಯಲ್ಲಿ ನೋಡಿದೆ. ಪಕ್ಕದ ಮನೆಯವರೂ ನೋಡಿದರು. ಅವರ ರಾಜ ಆ ಪ್ಲಾಟ್‌ಫಾರಂನಲ್ಲಿ ಯಾವ ಕಡೆ ನಿಂತಿದ್ದಾನೆ ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.